ವಾಲಿ, ಸುಗ್ರೀವ ಮತ್ತು ಅವ್ವನ ಕೌದಿ

ಕಿಷ್ಕಿಂಧೆಯ ಸೀಮೆಯಲ್ಲಿ ಒಂದೇ ಮನೆಯ ಎರಡು ಗಂಡುಗಳು ಕಾದಾಡಿದರೆ ಯಾರೂ ಬೆರಗಾಗುವುದಿಲ್ಲ. ತ್ರೇತಾಯುಗದಿಂದ ನಡೆದುಬಂದದ್ದು. ನಮ್ಮ ಸಾಣಾಪುರದಿಂದ ಆನೆಗೊಂದಿ ರಸ್ತೆ ಹಿಡಿದರೆ ಅಂಜನಾದ್ರಿ, ಪಂಪಾಸರೋವರ, ವಾಲಿಕಿಲ್ಲಾ ಎಂದು ಅಣ್ಣ ತಮ್ಮನನ್ನು ಬಡಿದಟ್ಟಿದ ಕಥೆಗೆ ಗುಡ್ಡಕ್ಕೊಂದು ಸಾಕ್ಷಿ ಸಿಗುತ್ತದೆ. ಹಾಗಾಗಿ ನಮ್ಮ ಮನೆಯ ಎರಡು ನಾಯಿಗಳಿಗೆ ಓಣಿಯ ಹುಡುಗರು ವಾಲಿ, ಸುಗ್ರೀವ ಎಂದು ಹೆಸರಿಟ್ಟದ್ದರಲ್ಲಿ ದೊಡ್ಡ ಪ್ರತಿಭೆಯೇನೂ ಇಲ್ಲ. ಪ್ರತಿಭೆ ಇದ್ದದ್ದು ಅವರು ಮಾಡಿಕೊಂಡ ಕಾಯ್ದೆಯಲ್ಲಿ. ಆವತ್ತು ಗೆದ್ದದ್ದು ವಾಲಿ, ಸೋತದ್ದು ಸುಗ್ರೀವ. ಹಾಲಿನ ಹುಡುಗ ಬೆಳಿಗ್ಗೆ ಬಂದವನೇ "ಇವತ್ತು ಯಾವ್ದ್ರಿ ವಾಲಿ?" ಎಂದು ಕೇಳಿಕೊಂಡೇ ಹಾಲು ಅಳೆಯುತ್ತಿದ್ದ.

ಅಸಲು ಹೆಸರು ಬೇರೆ. ಹಿರಿಯದು ವಿರೂಪಾಪುರ ಗಡ್ಡಿಯದು. ಸುಪ್ರೀಂ ಕೋರ್ಟಿನ ತೀರ್ಪು ಬಂದು 2020ರ ಮಾರ್ಚಿನಲ್ಲಿ ಗಡ್ಡಿಯ ರೆಸಾರ್ಟುಗಳನ್ನು ಕೆಡವಿದಾಗ ಮಾಲೀಕರು, ಅಡುಗೆಯವರು, ಬಾಡಿಗೆ ಸ್ಕೂಟರಿನವರು ಒಬ್ಬೊಬ್ಬರು ಒಂದೊಂದು ಕಡೆ ಚದುರಿದರು. ಈ ನಾಯಿ ನಮ್ಮ ಅಂಗಳಕ್ಕೆ ಬಂತು. ಇಸ್ರೇಲಿನ ಪ್ರವಾಸಿಗರ ಕೈಯಲ್ಲಿ ತಿಂದು ಬೆಳೆದದ್ದರಿಂದ "ಶಾಲೋಮ್" ಅಂದರೆ ಮಾತ್ರ ಬಾಲ ಅಲ್ಲಾಡಿಸುತ್ತಿತ್ತು. ಅವ್ವನ ಬಾಯಲ್ಲಿ ಅದು ವಾರದೊಳಗೆ ಶಾಲಪ್ಪ ಆಯಿತು. ರೊಟ್ಟಿಯನ್ನು ಮೂಸಿ ದೂರ ಸರಿಯುತ್ತಿದ್ದದ್ದು ಆಮೇಲಾಮೇಲೆ ಜೋಳದ ರೊಟ್ಟಿ ತಟ್ಟುವ ಸದ್ದಿಗೇ ಒಲೆಯ ಮುಂದೆ ಹಾಜರಾಗತೊಡಗಿತು.

ಕಿರಿಯದನ್ನು ನಾನೇ ದುಡ್ಡು ಕೊಟ್ಟು ತಂದೆ. ಮಾರಿದವನು ಕುಷ್ಟಗಿ ಕಡೆಯವನು. "ಪಕ್ಕಾ ಮುಧೋಳ ಐತ್ರಿ ಸರ. ಇವರ ಮನಿತನದ ಫೋಟೊ 2005ರಾಗ ಅಂಚೆಚೀಟಿ ಮ್ಯಾಲ ಬಂದೈತಿ. ಮಿಲಿಟರಿಯವ್ರು ಮೀರತ್ತಿಗೆ ಒಯ್ದಾರ" ಅಂದ. ಎರಡೂ ಮಾತು ನಿಜ, ಮುಧೋಳ ತಳಿಯ ಮಟ್ಟಿಗೆ. ನನ್ನ ಮರಿಯ ಬಗ್ಗೆ ಅವನು ಹೇಳಿದ್ದರಲ್ಲಿ ನಿಜವಾಗಿ ಉಳಿದದ್ದು ನಾಲ್ಕು ಕಾಲಿವೆ ಎಂಬುದೊಂದೇ. ನೀಳ ಮೂತಿ, ಒಳಸೇರಿದ ಹೊಟ್ಟೆ, ಉದ್ದನೆಯ ಕಾಲು ಇವತ್ತು ಬಂದಾವು ನಾಳೆ ಬಂದಾವು ಎಂದು ನಾನು ಟೇಪು ಹಿಡಿದು ಕಾದೆ. ಬಂದದ್ದು ಜಿಲೇಬಿಯ ಹಾಗೆ ಸುತ್ತಿಕೊಂಡ ಬಾಲ. ಅಷ್ಟರಲ್ಲಿ ರಾಜಾ ಎಂದು ಹೆಸರಿಟ್ಟು, ಗೇಟಿಗೆ 'ಮುಧೋಳ ನಾಯಿ ಇದೆ ಎಚ್ಚರಿಕೆ' ಎಂದು ಬೋರ್ಡೂ ಬರೆಸಿಯಾಗಿತ್ತು. ಬೋರ್ಡು ನೋಡಿ ಒಳಗೆ ಬಂದವರು ರಾಜಾನನ್ನು ದಾಟಿಕೊಂಡು ಹೋಗಿ "ಎಲ್ಲಿ ಐತ್ರಿ ಮುಧೋಳ?" ಎಂದು ಕೇಳುತ್ತಿದ್ದರು.

ಮರಿಯಾಗಿದ್ದಷ್ಟು ದಿನ ರಾಜಾ ಶಾಲಪ್ಪನ ಕಿವಿ ಜಗ್ಗಿದರೂ ನಡೆಯಿತು, ಹೊಟ್ಟೆಯ ಮೇಲೆ ಮಲಗಿದರೂ ನಡೆಯಿತು. ಮೈ ತುಂಬಿಕೊಂಡು ಪ್ರಾಯಕ್ಕೆ ಬಂದದ್ದೇ ಮನೆ ಕುರುಕ್ಷೇತ್ರವಾಯಿತು. ಮೊದಲ ದೊಡ್ಡ ಜಗಳ ಒಂದು ತಾಟಿನ ಸಲುವಾಗಿ. ತಾಟಿನಲ್ಲಿ ಏನಾದರೂ ಇದ್ದಿದ್ದರೆ ಮಾತು ಬೇರೆ. ಎರಡೂ ಸೇರಿ ಮಜ್ಜಿಗೆ ಅನ್ನ ನೆಕ್ಕಿ ಖಾಲಿ ಮಾಡಿದ್ದ ಸ್ಟೀಲಿನ ತಾಟು ಅದು. ಶಾಲಪ್ಪ ಅದರ ಅಂಚಿನ ಮೇಲೆ ಕಾಲಿಟ್ಟಿತು. ರಾಜಾ ನೋಡಿತು. ನೋಡಿದ್ದನ್ನು ಶಾಲಪ್ಪ ನೋಡಿತು. ಮೈ ಬಿಗಿಯಿತು, ಬಾಲ ನೆಟ್ಟಗಾಯಿತು, ಮೇಲ್ದುಟಿ ಒಂದು ಕೂದಲೆಳೆಯಷ್ಟು ಎತ್ತಿಕೊಂಡಿತು. ಈಗಾಗಿದ್ದರೆ ಅಷ್ಟು ಹೊತ್ತಿಗೆ ನಾನು ಮೂರು ಸಲ ಶಿಳ್ಳೆ ಹೊಡೆದು ಇಬ್ಬರನ್ನೂ ಬೇರೆ ಮಾಡಿರುತ್ತಿದ್ದೆ. ಆಗ "ಏ, ಎಷ್ಟು ಚಂದ ದಿಟ್ಟಿಸ್ತಾವ ನೋಡ" ಎಂದು ಮೊಬೈಲು ತೆಗೆದೆ. ಆ ವಿಡಿಯೊದಲ್ಲಿ ನಾಯಿಗಳು ಇರುವುದು ಅರೆಗಳಿಗೆ. ಉಳಿದದ್ದು ಆಕಾಶ, ತೊಲೆ, ನನ್ನ ಕೂಗು.

ಬಿಡಿಸಲು ಹೋದೆ. ಎರಡು ಕುತ್ತಿಗೆಗಳ ನಡುವೆ ಎರಡು ಕೈ ಹಾಕಿದೆ. ಕಾದಾಟದ ಆವೇಶದಲ್ಲಿರುವ ನಾಯಿಗೆ ಎದುರು ಬಂದದ್ದು ಶತ್ರುವಿನ ಕಾಲೋ ಅನ್ನ ಹಾಕುವವನ ಹೆಬ್ಬೆರಳೋ ತಿಳಿಯುವುದಿಲ್ಲ, ಬಾಯಿಗೆ ಸಿಕ್ಕಿದ್ದನ್ನು ಕಚ್ಚುತ್ತದೆ ಎಂದು ಆಮೇಲೆ ಪಶುವೈದ್ಯರು ವಿವರಿಸಿದರು. ಅಂಗೈಯಲ್ಲೊಂದು, ಮೀನಖಂಡದಲ್ಲೊಂದು ಗಾಯ. ಅವ್ವ ಸುಣ್ಣವನ್ನೂ ಖಾರದಪುಡಿಯನ್ನೂ ಹಿಡಿದು ಬಂದಳು. ಹೆಂಡತಿ ಅವ್ವನನ್ನು ತಡೆದು ನನ್ನನ್ನು ನಳದ ಕೆಳಗೆ ಕೂರಿಸಿ, ಹದಿನೈದು ನಿಮಿಷ ಗಡಿಯಾರ ನೋಡಿಕೊಂಡು ಸೋಪು ಹಾಕಿ ತೊಳೆದಳು. ಈ ಮನೆಯಲ್ಲಿ ಯಾರು ಏನು ಓದಿಕೊಂಡಿದ್ದಾರೆ ಎಂಬುದು ಅಂಥ ಹೊತ್ತಿನಲ್ಲಿ ಬಯಲಾಗುತ್ತದೆ.

ಆಸ್ಪತ್ರೆಯಲ್ಲಿ ಸಿಸ್ಟರ್ ಚೀಟಿ ಬರೆಯುತ್ತ ಕೇಳಿದರು.

"ಬೀದಿ ನಾಯೋ, ಸಾಕಿದ್ದೋ?"

"ಸಾಕಿದ್ದು."

"ಯಾವ ನಾಯಿ?"

"ಅದು... ಗೊತ್ತಾಗಲಿಲ್ಲರಿ."

"ನಿಮ್ಮ ನಾಯಿ ನಿಮಗ ಗೊತ್ತಾಗಲಿಲ್ಲ?"

ನಾನು ಶ್ರೀರಾಮನನ್ನು ನೆನೆದೆ. ಅವನಿಗೂ ಇದೇ ಊರಿನ ಸುತ್ತಮುತ್ತ ಇದೇ ಪಜೀತಿ ಆಗಿತ್ತು. ಮೊದಲ ಸಲ ಅಣ್ಣ ತಮ್ಮ ಹೊಡೆದಾಡಿದಾಗ ಯಾರು ವಾಲಿ ಯಾರು ಸುಗ್ರೀವ ತಿಳಿಯದೆ ಬಾಣ ಬಿಡಲಿಲ್ಲ. ಸುಗ್ರೀವ ಒದೆ ತಿಂದು ಓಡಿಬಂದ. ಎರಡನೇ ಸಲಕ್ಕೆ ಗಜಪುಷ್ಪಿಯ ಬಳ್ಳಿಯನ್ನು ಅವನ ಕೊರಳಿಗೆ ಹಾಕಿಸಬೇಕಾಯಿತು. ಈ ಕಥೆಯನ್ನು ಸಿಸ್ಟರಿಗೆ ಹೇಳಲು ಹೊರಟೆ. ಅವರು ಸೂಜಿ ತೆಗೆದರು. ನಾಯಿಗಳಿಗೆ ಲಸಿಕೆ ಆಗಿದೆ ಎಂದು ಕಾರ್ಡು ತೋರಿಸಿದರೂ ಬಿಡಲಿಲ್ಲ. ಇವತ್ತು, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಬರಬೇಕು, ಒಂದನ್ನೂ ತಪ್ಪಿಸಬಾರದು ಎಂದು ಬರೆದುಕೊಟ್ಟರು. ಬರುವಾಗ ಗಂಗಾವತಿಯಲ್ಲಿ ಒಂದು ಕೆಂಪು ಪಟ್ಟಿ ತಂದು ಶಾಲಪ್ಪನ ಕೊರಳಿಗೆ ಕಟ್ಟಿದೆ. ರಾಜಾ ಅದೇ ರಾತ್ರಿ ಅದನ್ನು ಕಡಿದು ಹಾಕಿತು.

ಇಷ್ಟಾದ ಮೇಲೆ ಸಲಹೆಗಳ ಕಾಲ. ಬಂಡೆ ಹತ್ತಲು ಬಂದು ನಮ್ಮ ಪಕ್ಕದಲ್ಲಿ ಇಳಿದುಕೊಂಡಿದ್ದ ಪರದೇಶದ ಹುಡುಗನೊಬ್ಬ, ನಾಯಿ ಅಂದರೆ ತೋಳವೇ, ತೋಳದ ಹಿಂಡಿಗೆ ಒಬ್ಬ 'ಆಲ್ಫಾ' ಇರುತ್ತಾನೆ, ಮನೆಯಲ್ಲಿ ಆ ಆಲ್ಫಾ ನೀನಾಗಬೇಕು ಎಂದ. ಬಾಗಿಲು ದಾಟುವಾಗ ನಾನೇ ಮೊದಲು ದಾಟಬೇಕು, ನಾಯಿಗಳ ಮುಂದೆ ನಾನೇ ಮೊದಲು ಉಣ್ಣಬೇಕು. ಈ ಮನೆಯಲ್ಲಿ ಮದುವೆಯಾದಂದಿನಿಂದ ನನಗೆ ಸಿಗದ ಪದವಿ ಹೀಗಾದರೂ ಸಿಗಲಿ ಎಂದು ಎದೆಯುಬ್ಬಿಸಿ ಶುರು ಮಾಡಿದೆ. ಮೊದಲು ಬಾಗಿಲು ದಾಟುವ ಭರದಲ್ಲಿ ಎರಡು ನಾಯಿಗಳ ನಡುವೆ ಕಾಲು ಸಿಕ್ಕಿ ಹೊಸ್ತಿಲ ಮೇಲೆ ಬೋರಲಾಗಿ ಬಿದ್ದೆ. ಎರಡೂ ನನ್ನ ಬೆನ್ನ ಮೇಲೆ ಕಾಲಿಟ್ಟು ಹೊರಗೆ ಹೋದವು. ಅವುಗಳ ಮುಂದೆ ಕೂತು ಗಂಭೀರವಾಗಿ ರೊಟ್ಟಿ ಮುರಿಯುವುದನ್ನು ಕಂಡು ಅವ್ವ, "ಯಾಕಪಾ, ನಾಯಿ ಮುಂದ ಕುಂತು ಉಣ್ಣೂ ಹಂಗ ಏನಾತು ನಿನಗ?" ಎಂದು ಮರುಗಿದಳು.

ತೋಳದ ವಿಷಯಕ್ಕೆ ನಾವು ಪರದೇಶದವರನ್ನು ಕೇಳಬೇಕಾಗಿಯೇ ಇರಲಿಲ್ಲ. ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲೇ ತೋಳಗಳ ಧಾಮವಿದೆ, 332 ಹೆಕ್ಟೇರು ಕುರುಚಲು ಕಾಡು. ಆ ಕಡೆ ಕುರಿ ಮೇಯಿಸುವ ಅಜ್ಜನೊಬ್ಬ ನನ್ನ ಆಲ್ಫಾ ಪ್ರವಚನವನ್ನು ಪೂರ್ತಿ ಕೇಳಿ, "ಯಜಮಾನ ಗಿಜಮಾನ ಏನಿಲ್ರಿ. ಗಂಡೊಂದು, ಹೆಣ್ಣೊಂದು, ಅವುಗಳ ಮರಿ. ಸಂಸಾರ ಅದು" ಎಂದ. ವಿಜ್ಞಾನಿಗಳು ಇದೇ ಮಾತಿಗೆ ಬರಲು ಅರ್ಧ ಶತಮಾನ ಹಿಡಿಯಿತು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಕಾದಾಟ ನೋಡಿ ಬರೆದದ್ದು ಈ ಯಜಮಾನಿಕೆಯ ಕಥೆಯ ಬುಡ. ಅಮೆರಿಕದ ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಲೋಕಕ್ಕೆ ಹಂಚಿದರು. ಮುಂದೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅದೇ ಮೀಚ್, ಹಿಂಡು ಎಂದರೆ ಅಪ್ಪ ಅಮ್ಮ ಮಕ್ಕಳು ಅಷ್ಟೇ ಎಂದು 1999ರಲ್ಲಿ ಬರೆದರು. ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರ ಬೆನ್ನು ಹತ್ತಿದರು. ಕುರಿಯ ಅಜ್ಜನಿಗೆ ಪ್ರಕಾಶಕರ ಕಾಟವಿರಲಿಲ್ಲ.

ಎರಡನೇ ಸಲಹೆ ಗೆಳೆಯನದು. ಎರಡನ್ನೂ ಒಬ್ಬರದೂ ಅಲ್ಲದ ಜಾಗಕ್ಕೆ ಕರೆದೊಯ್ಯಿ, ಅಲ್ಲಿ ಸೀಮೆಯ ಜಗಳ ಇರುವುದಿಲ್ಲ ಅಂದ. ಮಾತು ಸರಿಯಾದದ್ದೇ. ಆದರೆ ಸಾಣಾಪುರದಲ್ಲಿ ಶಾಲಪ್ಪ ಕಾಲೆತ್ತದ ಬಂಡೆ ಯಾವುದಿದೆ? ಯೋಚಿಸಿ ಯೋಚಿಸಿ ಕೊನೆಗೆ ಹೊಳೆಯಿತು. ಕೆರೆ! ನೀರಿನ ಮೇಲೆ ಯಾರ ಗುರುತೂ ಇರುವುದಿಲ್ಲ. ಹರಗೋಲಿನ ಮಾವನನ್ನು ಒಪ್ಪಿಸಿದೆ. ನನಗೊಂದು ಲೈಫ್ ಜಾಕೆಟ್ಟು, ಒಂದೊಂದು ಕೈಗೆ ಒಂದೊಂದು ಹಗ್ಗ. ಹರಗೋಲು ದುಂಡಗಿರುತ್ತದೆ, ಅದರಲ್ಲಿ ಮೂಲೆ ಎಂಬುದೇ ಇಲ್ಲ ಎಂಬ ಸಂಗತಿ ನೀರಿಗಿಳಿದ ಮೇಲೆ ಗಮನಕ್ಕೆ ಬಂತು. ಜಗಳಗಂಟ ನಾಯಿಗಳಿಗೆ ಮೊಟ್ಟಮೊದಲು ಬೇಕಾದದ್ದು ದೂರ. ನಾನು ಅವುಗಳನ್ನು ಮೂತಿಗೆ ಮೂತಿ ತಾಗುವಂತೆ ಕೂರಿಸಿದ್ದೆ. ರಾಜಾ ಗುರ್ ಅಂದಿತು. ಶಾಲಪ್ಪ ಎದ್ದು ನಿಂತಿತು. ಹರಗೋಲು ವಾಲಿತು.

"ಮಾವಾ, ಏನರ ಮಾಡೋ!" ಎಂದು ಕಿರುಚಿದೆ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಪ್ರವಾಸಿಗರು ಕಿರುಚಿದಾಗ ಮಾಡುವುದನ್ನೇ ಮಾಡಿದ: ಹುಟ್ಟು ಊರಿ ಗಿರ್ರನೆ ತಿರುಗಿಸಿದ. ಬಂಡೆ, ಭತ್ತದ ಗದ್ದೆ, ದಂಡೆಯ ಮೇಲೆ ನಿಂತು ನಗುವ ಜನ ಎಲ್ಲ ಒಂದೇ ಬಣ್ಣದ ಪಟ್ಟಿಯಾಗಿ ಸುತ್ತಿದವು. ಜಗಳ ನಿಂತೇಹೋಯಿತು. ನಿಂತಾಗ ಎರಡೂ ನಾಯಿಗಳು ಒಂದನ್ನೊಂದು ಅವುಚಿಕೊಂಡು ಬಿದಿರಿನ ತಳದಲ್ಲಿ ಒರಗಿದ್ದವು. ವಾಂತಿ ಮಾಡಿಕೊಂಡವನು ನಾನೊಬ್ಬನೇ. ಶಾಂತಿ ಸ್ಥಾಪನೆಯಾಯಿತು ಎಂದು ಆ ಸ್ಥಿತಿಯಲ್ಲೂ ಹಿಗ್ಗಿದೆ. ದಂಡೆಗಿಳಿದು ತಲೆ ನಿಂತದ್ದೇ ತಡ, ಯಾರೋ ಎಸೆದ ಖಾಲಿ ಚಿಪ್ಸ್ ಪೊಟ್ಟಣಕ್ಕೆ ಎರಡೂ ಮತ್ತೆ ಹತ್ತಿಕೊಂಡವು. ಹರಗೋಲಿನ ಮಾವ ಬಾಡಿಗೆ ಎಣಿಸಿಕೊಂಡು, "ನಾಯಿದು ಹಾಫ್ ಟಿಕೆಟ್ ಹಿಡ್ದೀನ್ರಿ" ಎಂದ.

ಪಶುವೈದ್ಯರ ಹತ್ತಿರ ಮೊದಲೇ ಹೋಗಬಾರದಿತ್ತೇ ಎಂದು ಓದುಗರು ಕೇಳಬಹುದು. ಮನೆಯವಳೂ ಅದನ್ನೇ ಕೇಳಿದ್ದಳು. ವೈದ್ಯರು ಮೊದಲು ಎರಡರ ಕಿವಿ, ಹಲ್ಲು, ಕೀಲು ನೋಡಿದರು. ನೋವಿರುವ ನಾಯಿ ಸಿಡುಕುತ್ತದಂತೆ, ಶಾಲಪ್ಪನ ಕಿವಿಯಲ್ಲಿ ಸೋಂಕೂ ಇತ್ತು. ಆಮೇಲೆ ನನ್ನನ್ನು ವಿಚಾರಿಸಿಕೊಂಡರು. ಎಲ್ಲಿ ಜಗಳ, ಯಾವಾಗ, ಪಕ್ಕದಲ್ಲಿ ಯಾರಿದ್ದರು? ನಾನು ನೆನಪು ಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಉತ್ತರ ಕೊಟ್ಟಳು: "ಇವರು ಮನ್ಯಾಗ ಇಲ್ಲದಾಗ ಜಗಳಾನ ಇಲ್ರಿ ಡಾಕ್ಟರ. ಎರಡೂ ಒಂದ ಗೋಣಿಚೀಲದ ಮ್ಯಾಲ ಮಕ್ಕೊಂಡಿರ್ತಾವು. ಇವರ ಗಾಡಿ ಸಪ್ಪಳ ಕೇಳಿದ್ವು ಅಂದ್ರ ಎದ್ದು ನಿಂತು ಒಂದರ ಮಾರಿ ಒಂದು ನೋಡ್ತಾವು."

ವೈದ್ಯರು ತಲೆಯಾಡಿಸಿದರು. ಅಮೆರಿಕದಲ್ಲಿ ಒಂದೇ ಮನೆಯಲ್ಲಿ ಕಚ್ಚಾಡುವ 38 ಜೋಡಿ ನಾಯಿಗಳನ್ನು ಅಭ್ಯಾಸ ಮಾಡಿ 2011ರಲ್ಲಿ ಪ್ರಕಟಿಸಿದ್ದಾರಂತೆ. ಹತ್ತರಲ್ಲಿ ಸುಮಾರು ಎಂಟು ಜೋಡಿ ಗಂಡಿಗೆ ಗಂಡು ಇಲ್ಲವೇ ಹೆಣ್ಣಿಗೆ ಹೆಣ್ಣು. ಕಾಲು ಕೆದರುವುದು ಬಹುತೇಕ ಹೊಸದಾಗಿ ಬಂದದ್ದು, ಕಿರಿಯದು. ಜಗಳ ಹೊತ್ತಿಸುವ ಕಾರಣಗಳಲ್ಲಿ ಎದ್ದು ಕಾಣುವುದು ಯಜಮಾನ ಯಾರ ಕಡೆ ನೋಡಿದ ಎಂಬುದು. ಇಷ್ಟು ದಿನ ನಾನು ವಾಲಿ ಸುಗ್ರೀವರ ಕಥೆಯಲ್ಲಿ ರಾಮನ ಪಾತ್ರ ನನ್ನದು ಅಂದುಕೊಂಡಿದ್ದೆ. ವಿಚಾರಣೆ ಮುಗಿಯುವ ಹೊತ್ತಿಗೆ ನಾನು ಕಿಷ್ಕಿಂಧೆಯ ಸಿಂಹಾಸನ ಎಂದಾಯಿತು. ಇಬ್ಬರೂ ಏರಲು ನೋಡುತ್ತಿದ್ದ ಮರದ ಸಾಮಾನು.

ಅಲ್ಲಿಂದ ಮನೆಯಲ್ಲಿ ಕಾಯ್ದೆ ಬಂತು. ಎರಡು ತಾಟು, ಎರಡು ಕೋಣೆ, ನಡುವೆ ಮುಚ್ಚಿದ ಬಾಗಿಲು. ಉಂಡ ಕೂಡಲೇ ತಾಟು ಎತ್ತಬೇಕು. ನಾನು ಗಾಡಿ ನಿಲ್ಲಿಸಿ ಒಳಗೆ ಬಂದಾಗ ಯಾರ ಮೈಯನ್ನೂ ಸವರಬಾರದು, ಎರಡೂ ತಣ್ಣಗೆ ಕೂತ ಮೇಲೆ ಮಾತು. ಎರಡಕ್ಕೂ ಆಪರೇಷನ್ ಆಯಿತು. ಅದರಿಂದ ಬಿಸಿ ಸ್ವಲ್ಪ ಇಳಿಯಬಹುದು, ಕಲಿತ ಚಾಳಿ ಅಳಿಸುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು. ಮತ್ತೆ ಹತ್ತಿಕೊಂಡರೆ ನಡುವೆ ಕೈ ಹಾಕದೆ ನೀರು ಎರಚು, ಹಲಗೆ ತೂರಿಸು, ದಪ್ಪನೆಯ ಬಟ್ಟೆ ಮೇಲೆ ಹಾಕು. ನೀರಿನ ಕೊಡ ಸಮಯಕ್ಕೆ ಖಾಲಿ ಇರುತ್ತಿತ್ತು. ಕೆಲಸಕ್ಕೆ ಬಂದದ್ದು ಅವ್ವನ ಕೌದಿ. ಹಳೆಯ ಸೀರೆ, ಧೋತರ ಎಲ್ಲ ಪದರ ಪದರವಾಗಿ ಹೊಲಿದದ್ದು. ಮೇಲೆ ಬಿದ್ದರೆ ಮುಧೋಳವೂ ಉಸಿರೆತ್ತಬಾರದು, ನಮ್ಮದಂತೂ ಸೈ. ಕತ್ತಲಾದದ್ದೇ ಎರಡೂ ಬಾಯಿ ಬಿಡುತ್ತವೆ. ಕೌದಿ ಸದಾ ಕಟ್ಟೆಯ ಮೇಲೆ, ಕೈಗೆ ಸಿಗುವಂತೆ ಮಡಚಿ ಇರಬೇಕು ಎಂಬುದೂ ಕಾಯ್ದೆಯೇ.

ಕೊನೆಯ ಪಾಠ ಜೊತೆನಡಿಗೆ. ಇಬ್ಬರು ಎರಡು ನಾಯಿ ಹಿಡಿದು, ನಡುವೆ ಸಾಕಷ್ಟು ಜಾಗ ಬಿಟ್ಟು, ಒಂದೇ ದಿಕ್ಕಿಗೆ ನಡೆಯುವುದು. ದಿನ ಕಳೆದಂತೆ ನಡುವಿನ ಜಾಗ ಕಡಿಮೆ ಮಾಡುವುದು. ನಮಗೆ ಅನುಕೂಲವಾಗಿ ಕಾಲುವೆ ಇತ್ತು. ಆ ದಂಡೆಯಲ್ಲಿ ಹೆಂಡತಿ ಮತ್ತು ಶಾಲಪ್ಪ, ಈ ದಂಡೆಯಲ್ಲಿ ನಾನು ಮತ್ತು ರಾಜಾ. ಸಂಜೆಯ ಹೊತ್ತು. ನಾಯಿಗಳ ತಲೆಬಿಸಿಯಾಗದಿರಲಿ ಎಂದು ನಾವಿಬ್ಬರೂ ಮಾತಾಡುತ್ತಿರಲಿಲ್ಲ, ಆಚೀಚೆ ನೋಡುತ್ತಲೂ ಇರಲಿಲ್ಲ. ನಾಟಿ ಮುಗಿಸಿ ಬರುವ ಹೆಣ್ಣುಮಕ್ಕಳು ನಮ್ಮನ್ನು ನೋಡಿ ಸುಮ್ಮನಾಗುತ್ತಿದ್ದರು. ನಾಯಿ ಸಾಕುವವರ ಬಗ್ಗೆ ಊರಿಗೆ ಗೌರವ ಬಂದಿದೆ ಅಂದುಕೊಂಡೆ.

ನಡುವಿನ ಜಾಗ ಕಡಿಮೆಯಾಗಿ, ಇಬ್ಬರೂ ಒಂದೇ ದಂಡೆಗೆ ಬಂದು, ಎರಡು ನಾಯಿಗಳೂ ಕಟ್ಟೆಯ ಕೆಳಗೆ ಒಟ್ಟಿಗೆ ಮಲಗಲು ಕಲಿತ ಹೊತ್ತಿಗೆ ಒಂದು ದಿನ ಓಣಿಯ ಹಿರಿಯರು ಇಬ್ಬರನ್ನು ಜೊತೆ ಕರೆದುಕೊಂಡು ಮನೆಗೆ ಬಂದರು. ವರಸೆಯಲ್ಲಿ ನನಗೆ ದೊಡ್ಡಪ್ಪ. ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಮುಗಿಸಿ, ಗಂಟಲು ಸರಿಮಾಡಿಕೊಂಡರು.

"ತಮ್ಮಾ, ಗಂಡ ಹೆಂಡಿರ ಜಗಳ ಉಂಡು ಮಲಗೂ ತನಕ ಅಂತಾರ. ನೀವು ನೋಡಿದ್ರ ಆಕಿ ಆ ದಂಡ್ಯಾಗ, ನೀ ಈ ದಂಡ್ಯಾಗ, ಮಾತಿಲ್ಲ ಕತಿಯಿಲ್ಲ. ನಾಯಿನೂ ಪಾಲು ಮಾಡ್ಕೊಂಡೀರಂತ. ಊರಾಗ ಹಂಗಿದ್ರ ಚಂದಲ್ಲ."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಸೆರಗು ಸರಿಮಾಡಿಕೊಂಡು ಬಂದಳು. ಇಲ್ಲ ಅನ್ನುತ್ತಾಳೆ ಅಂದುಕೊಂಡೆ. "ಹೌದ್ರಿ ಮಾವಾರ, ಚಲೋ ಆತು ನೀವು ಬಂದದ್ದು" ಎಂದು ಶುರು ಮಾಡಿ ಆಲ್ಫಾ, ಹರಗೋಲು, ಅಂಚೆಚೀಟಿಯ ಮುಧೋಳ ಒಂದನ್ನೂ ಬಿಡದೆ ಒಪ್ಪಿಸಿದಳು. ದೊಡ್ಡಪ್ಪ ಎಲ್ಲ ಕೇಳಿ, ಕಣ್ಣು ಮುಚ್ಚಿ ತೆರೆದು, ತೀರ್ಪು ಕೊಟ್ಟರು.

"ಇವತ್ತಿನಿಂದ ಇಬ್ರೂ ಒಂದ ತಾಟಿನ್ಯಾಗ ಉಣ್ರಿ. ಎಲ್ಲಾ ಸರಿ ಹೋಗತೈತಿ. ಎಲ್ಲಿ, ತರ್ರಿ ತಾಟು!"

ಹಿಂದೆ ನಿಂತಿದ್ದ ಅವ್ವ ಹಿರಿಯರ ಮಾತು ಮೀರಬಾರದೆಂದು ರೊಟ್ಟಿ, ಎಣ್ಣೆಗಾಯಿ ಹಾಕಿದ ಸ್ಟೀಲಿನ ತಾಟನ್ನು ಠಣ್ಣೆಂದು ಕಟ್ಟೆಯ ಮೇಲಿಟ್ಟಳು. ಕೆಳಗೆ ಎರಡು ತಲೆ ಒಟ್ಟಿಗೆ ಎದ್ದವು. ರಾಜಾ ನೋಡಿತು. ನೋಡಿದ್ದನ್ನು ಶಾಲಪ್ಪ ನೋಡಿತು. ನಾನು ಕೌದಿಗೆ ಕೈ ಚಾಚಿದೆ. ಅದರ ಮೇಲೆ ದೊಡ್ಡಪ್ಪ ಕೂತಿದ್ದರು.