ಹೆಸರಿಲ್ಲದ ರೋಗಿಯ ವಿಳಾಸ

ಆರೋಗ್ಯ ಸಂಶೋಧನೆಯಲ್ಲಿ ರೋಗಿಯ ಗುರುತು ಅಳಿಸುವ ಕ್ರಿಯೆಗೆ ಅನಾಮಿಕೀಕರಣವೆಂಬ ಗಂಭೀರ ಹೆಸರಿದ್ದು, ಎಲ್ಲರಿಗೂ ಎಲ್ಲರ ಮನೆಯ ಸುದ್ದಿ ತಿಳಿದಿರುವ ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಗೆ ಅದು ಕಾಲಿಟ್ಟಾಗ ಏನಾದೀತೆಂಬುದನ್ನು ಈ ಕಲ್ಪಿತ ಸಂವಾದ ತೋರಿಸುತ್ತದೆ.

ಸಂಶೋಧಕ: ವರದಿಯಲ್ಲಿ ನಿಮ್ಮ ಹೆಸರಿಲ್ಲ, "ಬೈಂದೂರು ತಾಲ್ಲೂಕು, ಉಪ್ಪುಂದ, ವಯಸ್ಸು 74, ಹಿಂದೆ ಹಂಚಿನ ಕಾರ್ಖಾನೆ ಕೆಲಸ, ಕ್ಷಯ, ಎಡಗೈಯಲ್ಲಿ ಮೂರೇ ಬೆರಳು" ಎಂದಷ್ಟೇ ಇದೆ.

ಕಾರ್ಮಿಕ: ಹ್ವಾಯ್, ಹೆಸರನ್ನೇ ಬರೆದಿದ್ದರೆ ಲಾಯ್ಕಿತ್ತು, ಆ ಹೆಸರಿನವರು ಊರಲ್ಲಿ ಐದು ಜನ ಇದ್ದಾರೆ, ಮೂರು ಬೆರಳಿನವ ಒಬ್ಬನೇ.

ಸಂಶೋಧಕ: ಖಾಸಗಿತನ ಮೂಲಭೂತ ಹಕ್ಕೆಂದು 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ.

ಕಾರ್ಮಿಕ: ಹಾಗಾದರೆ ಅದು ನಿಮ್ಮನ್ನು ಹಿಡಿಯುತ್ತದಲ್ಲ?

ಸಂಶೋಧಕ: ನಿಗದಿತ ಮಾನದಂಡ ಪಾಲಿಸಿ, ಆ ದತ್ತಾಂಶದಿಂದ ನಿರ್ದಿಷ್ಟ ವ್ಯಕ್ತಿಯ ಕುರಿತು ಯಾವ ತೀರ್ಮಾನವನ್ನೂ ಕೈಗೊಳ್ಳದಿದ್ದರೆ, 17ನೆಯ ಕಲಮು ಸಂಶೋಧನೆಗೆ ವಿನಾಯಿತಿ ಕೊಡುತ್ತದೆ.

ಕಾರ್ಮಿಕ: ತೀರ್ಮಾನ ನೀವು ಮಾಡುವುದೇ ಬೇಡ ಮಾರಾಯ್ರೆ, ಮೊಮ್ಮಗಳನ್ನು ನೋಡಲು ಬ್ರಹ್ಮಾವರದಿಂದ ಬರುವ ಗಂಡಿನ ಕಡೆಯವರು ಮಾಡುತ್ತಾರೆ.

(ಈ ಕಡೆಯವರನ್ನು ಯಾವ ಕಲಮೂ ಗಮನಿಸಿಲ್ಲವೆಂಬುದು ಶಾಸನಕರ್ತರಿಗೆ ಮದುವೆ ಮಾತುಕತೆಯ ಅನುಭವ ಕಡಿಮೆಯೆಂಬುದನ್ನೇ ಸೂಚಿಸುತ್ತದೆ.)

ಸಂಶೋಧಕ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಅನುಮೋದನೆಯಿದೆ, ನೀವು ಹೆಬ್ಬೆಟ್ಟು ಒತ್ತಿದ್ದರಿಂದ, ಸಂಶೋಧನೆಗೆ ಸಂಬಂಧಪಡದ ನಿಷ್ಪಕ್ಷಪಾತ ಸಾಕ್ಷಿಯ ಸಹಿಯನ್ನೂ ಪಡೆದಿದ್ದೇವೆ.

ಕಾರ್ಮಿಕ: ಯಾರದ್ದು?

ಸಂಶೋಧಕ: ಬಸ್‌ಸ್ಟ್ಯಾಂಡಿನ ಚಾದಂಗಡಿಯವರದ್ದು, ಪಾಪ, ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿಯೇ ಸಹಿ ಹಾಕಿದರು.