ದನಿ ಕೆಡಿಸುವ ಡಬ್ಬಿ

ಪಾರ್ಸೆಲ್ ಒಡೆದ ದಿನ ಮನೆಯಾಕೆ ಕೇಳಿದಳು: "ಇದು ಏನ್ ಮಾಡ್ತದ್ರಿ?"

"ದನಿ ಕೆಡಸ್ತದ" ಅಂದೆ.

ಆಕೆ ಸ್ವಲ್ಪ ಹೊತ್ತು ಡಬ್ಬಿ ನೋಡಿದಳು, ಸ್ವಲ್ಪ ಹೊತ್ತು ನನ್ನನ್ನು ನೋಡಿದಳು. "ನೀವು ಬಾರಸೋದು ಮೊದಲೇ ಹಂಗ ಇತ್ತಲ್ರಿ. ಮತ್ತ ರೊಕ್ಕ ಕೊಟ್ಟು ಯಾಕ ತರಿಸಿದ್ರಿ?"

ಡಬ್ಬಿ ಅಂಗೈ ಅಗಲದ್ದು. ಮೇಲೆ ಎರಡು ತಿರುಗಣಿ, ಕಾಲಲ್ಲಿ ಒತ್ತುವ ಒಂದು ಗುಂಡಿ, ಒಂದು ಕೆಂಪು ದೀಪ. ಗಿಟಾರಿನಿಂದ ಹೊರಟ ವೈರು ಇದರೊಳಗೆ ಹೊಕ್ಕು, ಹೊರಬಿದ್ದು, ಆಮೇಲೆ ಸ್ಪೀಕರಿಗೆ ಹೋಗಬೇಕು. ಗುಂಡಿ ಒತ್ತಿದರೆ, ಅಲ್ಲಿಯವರೆಗೆ ಮೆತ್ತಗೆ 'ಡುಂ' ಅನ್ನುತ್ತಿದ್ದ ತಂತಿ ನೆಗಡಿಯಾದ ಕೋಣದ ಹಾಗೆ 'ಘರ್ರ್' ಅನ್ನುತ್ತದೆ. ಇದಕ್ಕೆ ಫಜ್ ಪೆಡಲ್ ಅನ್ನುತ್ತಾರೆ. ಇಂಥದ್ದೊಂದನ್ನು ಆರಿಸಲು ನಾನು ತೆಗೆದುಕೊಂಡ ಕಾಲದಲ್ಲಿ ನಮ್ಮ ಸೋದರಮಾವ ಮಗಳಿಗೆ ವರ ನೋಡಿ, ಮದುವೆ ಮಾಡಿ, ಬೀಗರ ಜೊತೆ ಜಗಳವನ್ನೂ ಮುಗಿಸಿದ್ದ.

ಕಡಗಂಚಿಯಲ್ಲಿ ಬೇಸ್ ಗಿಟಾರ್ ಎಲ್ಲಿಂದ ಬಂತು ಎಂದು ಕೇಳುವವರಿಗೆ ಹೇಳುತ್ತೇನೆ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಊರು. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಇಲ್ಲಿ ನೆಲೆಸುವ ಮುಂಚೆ ನಮ್ಮನ್ನು ಬಲ್ಲವರು ಹೆಚ್ಚಾಗಿ ದತ್ತನ ಭಕ್ತರು. ಗಾಣಗಾಪುರದ ದತ್ತಮಹಿಮೆ ಹೇಳುವ ಮರಾಠಿ 'ಗುರುಚರಿತ್ರೆ' ಬರೆದ ಸರಸ್ವತಿ ಗಂಗಾಧರ ಕಡಗಂಚಿಯವನು. ಕನ್ನಡ ಊರಿನವನು ಮರಾಠಿ ಗ್ರಂಥ ಬರೆದು ದೊಡ್ಡವನಾದ ಮೇಲೆ, ಅದೇ ಊರಿನ ನಾನು ಇಂಗ್ಲಿಷ್ ವಾದ್ಯ ಬಾರಿಸಿದರೆ ಯಾರೂ ಏನೂ ಅನ್ನುವ ಹಾಗಿಲ್ಲ. ಅನ್ನುತ್ತಾರೆ, ಅದು ಬೇರೆ ಮಾತು.

ವಾದ್ಯ ಬಂದದ್ದು ಹಾಸ್ಟೆಲ್ಲಿನಿಂದ. ಓದು ಮುಗಿಸಿ ಊರಿಗೆ ಹೊರಟ ಹುಡುಗನೊಬ್ಬ ಕೂಲರ್, ಬಕೆಟ್, ಬೇಸ್ ಗಿಟಾರ್ ಮೂರನ್ನೂ ಮಾರಾಟಕ್ಕಿಟ್ಟಿದ್ದ. ನಾನು ಹೋದದ್ದು ಕೂಲರಿಗೆ. ಅದು ಮಾರಿಹೋಗಿತ್ತು. ಬರಿಗೈಲಿ ಬರುವುದು ಹೇಗೆ ಎಂದು ಇದನ್ನು ಹೊತ್ತು ತಂದೆ. ನಾಲ್ಕೇ ತಂತಿ, ಆರು ತಂತಿಯದಕ್ಕಿಂತ ಬೇಗ ಕಲಿಯಬಹುದು ಎಂಬ ಲೆಕ್ಕವೂ ಇತ್ತು. ಬಾಜೂ ಮನೆಯ ಮುತ್ಯಾ ಕಟ್ಟೆಯ ಮೇಲಿಂದಲೇ ವಿಚಾರಿಸಿದ್ದ: "ಬೇಸ್ ಗಿಟಾರ್ ಅಂದ್ರ ಬೇಸಾದ ಗಿಟಾರ್ ಏನೋ ತಮ್ಮಾ?" ಬಾರಿಸಿದ್ದನ್ನು ಕೇಳಿದ ಮೇಲೆ ಆ ಪ್ರಶ್ನೆ ಮತ್ತೆ ಎತ್ತಲಿಲ್ಲ.

ಕ್ಯಾಂಪಸ್ಸಿನ ಇಬ್ಬರು ಹುಡುಗರು, ಗದುಗಿನ ಆಶ್ರಮದಲ್ಲಿ ಕಲಿತು ಬಂದ ಒಬ್ಬ ಗವಾಯಿ, ಮತ್ತು ನಾನು, ಹೀಗೆ ಒಂದು ಮೇಳವಾಯಿತು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಡ್ರಮ್ಮು ಗಿಟಾರಿನ ಜೊತೆ ಹಾಡುವುದು ನಮ್ಮ ಯೋಜನೆ. ಮೂರನೇ ವಾರಕ್ಕೆ ಗಿಟಾರಿನ ಹುಡುಗ ಹೇಳಿದ: "ಸರ್, ನಿಮ್ಮ ದನಿ ಭಾಳ ಸಭ್ಯ ಅದ. ಫಜ್ ಬೇಕ್ರಿ." ನಲವತ್ತೇಳು ವರ್ಷಕ್ಕೆ ಸಭ್ಯ ಎಂದು ಬೈಸಿಕೊಂಡದ್ದು ಅದೇ ಮೊದಲು. ಅಂದಿನಿಂದ ನಿದ್ದೆ ಹೋಯಿತು.

ಓದಲು ಶುರು ಮಾಡಿದೆ. ಓದಿದಷ್ಟೂ ಖುಷಿ, ಯಾಕೆಂದರೆ ಈ ವಂಶದ ಮೂಲಪುರುಷನೇ ಒಂದು ಕೆಟ್ಟ ಯಂತ್ರ. ಅಮೆರಿಕದ ನ್ಯಾಶ್‌ವಿಲ್ ಊರಿನ ಸ್ಟುಡಿಯೊ. ಮಾರ್ಟಿ ರಾಬಿನ್ಸ್ ಎಂಬ ಗಾಯಕನ 'ಡೋಂಟ್ ವರಿ' ಹಾಡಿನ ಧ್ವನಿಮುದ್ರಣ. ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ನುಡಿಸುತ್ತಿದ್ದಾಗ ಧ್ವನಿಮುದ್ರಣದ ಮೇಜಿನೊಳಗೆ ಏನೋ ಕೆಟ್ಟು ದನಿ ಹರಿದುಕೊಂಡು ಬಂತು. ಅಳಿಸಲಿಲ್ಲ, ಹಾಗೇ ಬಿಟ್ಟರು. 1961ರಲ್ಲಿ ಹಾಡು ಗೆದ್ದಿತು. ಉಳಿದವರು ಬಂದು ನಮಗೂ ಆ ಕೆಟ್ಟ ದನಿ ಬೇಕು ಎಂದರು. ಇಂಜಿನಿಯರ್ ಗ್ಲೆನ್ ಸ್ನಾಡಿ ಕೆಟ್ಟದ್ದನ್ನೇ ಕೂತು ಅಭ್ಯಾಸ ಮಾಡಿ ಡಬ್ಬಿಗೆ ತುಂಬಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು 'ಮೇಸ್ಟ್ರೊ ಫಜ್ ಟೋನ್' ಎಂದು ಮಾರಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್' ಬಂದ ಮೇಲೆ ಎಲ್ಲರಿಗೂ ಹುಚ್ಚು ಹಿಡಿಯಿತು. ಅದೇ ವರ್ಷ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 'ಥಿಂಕ್ ಫಾರ್ ಯುವರ್‌ಸೆಲ್ಫ್' ಹಾಡಿನಲ್ಲಿ ಬೇಸಿಗೇ ಫಜ್ ಹಚ್ಚಿದ. ಫಜ್ಜಿನ ಹೆಸರೆಲ್ಲ ಗಿಟಾರಿನವರು ಹೊಡೆದುಕೊಂಡರು, ಆದರೆ ಅದನ್ನು ಹುಟ್ಟಿಸಿದ್ದು ಬೇಸ್! ಇದನ್ನು ಮೇಳದ ಹುಡುಗನಿಗೆ ಮೂರು ಸಲ ಹೇಳಿದ್ದೇನೆ. ನಾಲ್ಕನೇ ಸಲ ಅವನೇ ನನಗೆ ಹೇಳಿದ.

ದನಿ ಕೆಡುವುದು ಅಂದರೇನು ಎಂಬುದು ಪುಸ್ತಕದಿಂದ ತಿಳಿಯಲಿಲ್ಲ, ನಮ್ಮ ಹೊಲದಲ್ಲಿ ತಿಳಿಯಿತು. ತೊಗರಿ ಮೊಳಕಾಲುದ್ದ ಬಂದಾಗ ನಾವು ಕುಡಿ ಚಿವುಟುತ್ತೇವೆ. ನೆತ್ತಿ ಹೋದ ಗಿಡ ಸಿಟ್ಟಿಗೆದ್ದು ಬಗಲಿನಿಂದ ಟೊಂಗೆ ಒಡೆಯುತ್ತದೆ. ಟೊಂಗೆ ಹೆಚ್ಚಾದರೆ ಕಾಯಿ ಹೆಚ್ಚು. ಫಜ್ ಮಾಡುವುದೂ ಇದನ್ನೇ. ದನಿಯ ಅಲೆಯನ್ನು ವಿಪರೀತ ಉಬ್ಬಿಸಿ, ಅದರ ನೆತ್ತಿಯನ್ನು ಕಚಕ್ಕನೆ ಚಿವುಟುತ್ತದೆ. ಆಗ ಒಂದು ಸ್ವರದ ಬಗಲಿಗೆ ಹತ್ತು ಮರಿಸ್ವರಗಳು ಒಡೆಯುತ್ತವೆ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ನಡುಗುತ್ತದೆ. ಚಿವುಟಿದ ಮೇಲೆ 82, 123, 164 ಎಂದು ಟೊಂಗೆ ಮೇಲೆ ಟೊಂಗೆ. ಕೇಳಲು ಸೊಂಪು. ತಕರಾರು ಏನೆಂದರೆ, ಟೊಂಗೆಯ ಗದ್ದಲದಲ್ಲಿ ಬೊಡ್ಡೆ ಕಾಣುವುದಿಲ್ಲ. ಗಿಟಾರಿನವನಿಗೆ ಬೊಡ್ಡೆಯ ಚಿಂತೆ ಇಲ್ಲ. ಬೇಸಿನವನಿಗೆ ಬೊಡ್ಡೆಯೇ ನೌಕರಿ. ಗಿಟಾರಿಗೆಂದು ಮಾಡಿದ ಫಜ್ಜನ್ನು ಬೇಸಿಗೆ ಸಿಕ್ಕಿಸಿದರೆ ಮೇಳದ ನಡುವೆ ನಮ್ಮ ದನಿ ಜೇನ್ನೊಣದಷ್ಟಾಗಿ, ಡ್ರಮ್ಮಿನವನು "ಸರ್, ಶುರು ಮಾಡ್ರಿ" ಎನ್ನುತ್ತಾನೆ, ನಾವು ಬಾರಿಸುತ್ತಿರುವಾಗಲೇ.

ಇದಕ್ಕೆ ಮದ್ದು ಬ್ಲೆಂಡ್ ಎಂಬ ಒಂದು ತಿರುಗಣಿ. ಕೆಡಿಸಿದ ದನಿಯ ಜೊತೆ ಕೆಡಿಸದ ದನಿಯನ್ನೂ ಬೇಕಾದಷ್ಟು ಬೆರೆಸುತ್ತದೆ. ಕೆಡಿಸದ್ದು ಜೋಳದ ರೊಟ್ಟಿ, ಕೆಡಿಸಿದ್ದು ಶೇಂಗಾ ಹಿಂಡಿ. ಬ್ಲೆಂಡ್ ಇಲ್ಲದ ಫಜ್ ಎಂದರೆ ರೊಟ್ಟಿ ಇಲ್ಲದೆ ಬೊಗಸೆ ಹಿಂಡಿ ಮುಕ್ಕಿದ ಹಾಗೆ. ಇಷ್ಟು ಜ್ಞಾನ ಸಂಪಾದಿಸಿದ ಮೇಲೆ ನಾನು ಕೊಂಡದ್ದು ಬ್ಲೆಂಡ್ ಇಲ್ಲದ ಪೆಡಲ್.

ಹಾಗೇಕೆ ಮಾಡಿದೆ ಎಂದರೆ, ಜರ್ಮೇನಿಯಂ ಎಂಬ ಶಬ್ದಕ್ಕೆ ಮರುಳಾದೆ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಎಂಬವನು ಫಜ್ ಫೇಸ್ ಎಂಬ ಗುಂಡನೆಯ ಪೆಡಲ್ ತಂದ. ಜಿಮಿ ಹೆಂಡ್ರಿಕ್ಸ್ ತುಳಿದು ತುಳಿದು ಅದನ್ನು ಅಮರಗೊಳಿಸಿದ. ಅದರ ಹೊಟ್ಟೆಯಲ್ಲಿ ಎರಡೇ ಟ್ರಾನ್ಸಿಸ್ಟರು, ಎರಡೂ ಜರ್ಮೇನಿಯಂ. ಸಿಲಿಕಾನಿನದು ಹರಿತ ದನಿ, ಜರ್ಮೇನಿಯಂದು ತುಪ್ಪ ಸವರಿದ ದನಿ ಎಂದು ಬಲ್ಲವರೆಲ್ಲ ಬರೆದಿದ್ದರು. ಅದೇ ನಕಾಶೆಯ ಮೇಲೆ ದೂರದ ಊರಿನ ಹವ್ಯಾಸಿಯೊಬ್ಬ ಕೈಯಾರೆ ಮಾಡಿದ ಡಬ್ಬಿ ತರಿಸಿದೆ. ಜನವರಿ ತಿಂಗಳು. ತುಪ್ಪದ ಮಾತು ಸುಳ್ಳಲ್ಲ. ಹದಿನೈದು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಮಾರ್ಚಿಗೆ ತುಪ್ಪ ಕರಗಿತು. ಏಪ್ರಿಲ್ಲಿನಲ್ಲಿ ದನಿ ಉಗ್ಗತೊಡಗಿತು. ಮೇ ತಿಂಗಳಿಗೆ ಗುಂಡಿ ಒತ್ತಿದರೆ ದೀಪ ಮಾತ್ರ ಹತ್ತುತ್ತಿತ್ತು. ದನಿ ಗಂಟಲಲ್ಲೇ ಸಿಕ್ಕು 'ಪ್ಸ್' ಅಂತಿತ್ತು. ಜರ್ಮೇನಿಯಂ ಜಾತಿಗೆ ಸೆಕೆ ಆಗಿಬರುವುದಿಲ್ಲ. ಬಿಸಿಲೇರಿದಂತೆ ಟ್ರಾನ್ಸಿಸ್ಟರಿನೊಳಗೆ ಕರೆಂಟು ಸೋರುತ್ತದೆ, ಸೋರಿದಂತೆ ಅದರ ತೂಕ ತಪ್ಪುತ್ತದೆ. ಅದು ಹುಟ್ಟಿದ್ದು ಕೋಟು ಹಾಕಿಕೊಳ್ಳುವ ಲಂಡನ್ನಿನಲ್ಲಿ. ನಮ್ಮಲ್ಲಿ ಮೇ ತಿಂಗಳ 42 ಡಿಗ್ರಿ ಸುದ್ದಿಯೂ ಅಲ್ಲ. ಕಲಬುರಗಿ ಬಿಸಿಲಿಗೆ ಸರಕಾರಿ ಕಚೇರಿಯ ವೇಳೆಯನ್ನೇ ಬೆಳಿಗ್ಗೆಗೆ ಬದಲಿಸುತ್ತಾರೆ, ಪಾಪ ಟ್ರಾನ್ಸಿಸ್ಟರ್ ಯಾವ ಲೆಕ್ಕ.

ಕೊನೆಗೆ ಫ್ರಿಜ್ಜಿನಲ್ಲಿಟ್ಟೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೊಸರಿನ ಡಬ್ಬಿಯ ಬಾಜೂ. ಮಧ್ಯಾಹ್ನ ಮೊಸರಿಗೆ ಕೈ ಹಾಕಿದ ಮನೆಯಾಕೆ ಕೂಗಿದಳು:

"ಏನ್ರಿ, ಇದೂ ಕೆಡ್ತದಂತ ಫ್ರಿಜ್‌ನ್ಯಾಗ ಇಟ್ಟೀರೇನು?"

"ಇಲ್ಲ, ಕೆಡ್ಲಿ ಅಂತ ಇಟ್ಟೀನಿ."

ಇದಕ್ಕಿಂತ ಖರೆ ಉತ್ತರ ನಾನು ಸಂಸಾರದಲ್ಲಿ ಕೊಟ್ಟದ್ದಿಲ್ಲ. ತಣ್ಣಗಿದ್ದಾಗ ದನಿಯನ್ನು ಚೆಂದವಾಗಿ ಕೆಡಿಸುತ್ತಿತ್ತು, ಬೆಚ್ಚಗಾದರೆ ಕೆಡಿಸುವ ಶಕ್ತಿಯೇ ಕೆಡುತ್ತಿತ್ತು. ತೆಗೆದ ಕೂಡಲೇ ಮೈಮೇಲೆ ಹನಿ ಕಟ್ಟುತ್ತಿತ್ತು, ಒರೆಸಿ ಜೋಡಿಸಿದರೆ ಹತ್ತು ನಿಮಿಷ ಹೆಂಡ್ರಿಕ್ಸ್, ಆಮೇಲೆ ಮತ್ತೆ 'ಪ್ಸ್'. ಒಂದು ತತ್ವಪದಕ್ಕೆ ಸಾಕು. ಎರಡನೆಯದಕ್ಕೆ ಫ್ರಿಜ್ಜನ್ನೇ ವೇದಿಕೆಗೆ ಹೊತ್ತೊಯ್ಯಬೇಕು.

ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು, ಪೆಡಲನ್ನು ಕಿಸೆಯಲ್ಲಿಟ್ಟುಕೊಂಡು ಆಳಂದಕ್ಕೆ ಹೋದೆ. ಅಲ್ಲಿ ರೇಡಿಯೊ ಕಾಲದಿಂದ ರಿಪೇರಿ ಮಾಡುತ್ತ ಬಂದ ಒಬ್ಬರಿದ್ದಾರೆ, ಎಲ್ಲರಿಗೂ ಚಾಚಾ. ರೇಡಿಯೊ ಹೋಗಿ ಟಿವಿ, ಟಿವಿ ಹೋಗಿ ಡಿಜೆಯವರ ಸ್ಪೀಕರು ಬಂದರೂ ಅದೇ ಕುರ್ಚಿ, ಅದೇ ಸೋಲ್ಡರಿಂಗ್ ಕಡ್ಡಿ. ಚಾಚಾ ಡಬ್ಬಿ ಬಿಚ್ಚಿ, ಮೀಟರ್ ಹಚ್ಚಿ, "ಲೀಕೇಜ್ ಅದ್ರಿ ಸಾಬ್" ಅಂದರು. ನಾನು ಓದಿ ತಿಳಿದದ್ದನ್ನು ಅವರು ಅರ್ಧ ನಿಮಿಷದಲ್ಲಿ ಹೇಳಿದ್ದರು. ಆಮೇಲೆ ಬಿಸ್ಕೀಟಿನ ತಗಡಿನ ಡಬ್ಬಿಯೊಂದನ್ನು ಟೇಬಲ್ಲಿನ ಮೇಲೆ ಸುರುವಿದರು. ಸತ್ತ ರೇಡಿಯೊಗಳಿಂದ ಕಿತ್ತಿಟ್ಟ ಟ್ರಾನ್ಸಿಸ್ಟರುಗಳು: ತಗಡಿನ ಟೊಪ್ಪಿಗೆ, ಮೂರು ಕಾಲು. ಒಂದನ್ನು ಹೆಬ್ಬೆರಳಿಂದ ತಿಕ್ಕಿ, ಭೂತಗನ್ನಡಿ ಹಿಡಿದು ಓದಿದರು: "ಎಸಿ 128. ಬೆಂಗಳೂರ್ ಮಾಲ್, ಬಿಇಎಲ್."

ನನಗೆ ಮೈ ಜುಂ ಅಂದಿತು. ಫಜ್ ಪೆಡಲ್ ಕಟ್ಟುವವರು ದೇಶದೇಶದಲ್ಲಿ ಹುಡುಕುವ ನಂಬರು ಅದು. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಸರಕಾರಿ ಕಾರ್ಖಾನೆಯ ಮಾಲು ನಮ್ಮ ಮನೆಯ ರೇಡಿಯೊದೊಳಗೆ ಕೂತು ಕೃಷಿರಂಗ ಹೇಳುತ್ತಿದ್ದಾಗ, ಅದರ ಬಳಗದವರು ಲಂಡನ್ನಿನಲ್ಲಿ ರಾಕ್ ಬಾರಿಸುತ್ತಿದ್ದರು! ಚಾಚಾ ಹತ್ತರಲ್ಲಿ ಸೋರಿಕೆ ಕಡಿಮೆ ಇದ್ದ ಎರಡನ್ನು ಆರಿಸಿ ಕೂರಿಸಿದರು. ಗಿಟಾರ್ ಜೋಡಿಸಿ ತಂತಿ ಎಳೆದೆ. ಘರ್ರ್! ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು.

"ಆತಲ್ಲ ಚಾಚಾ!"

"ಎಲ್ಲಿ ಆತ್ರಿ, ದನಿ ಇನ್ನೂ ಒಡಿಲಾಕತ್ತದ. ನೀವು ಚಾ ಕುಡದು ಬರ್ರಿ."

ಬೇಡ, ಇಷ್ಟೇ ಸಾಕು, ಇದು ಹೀಗೇ ಇರಬೇಕು ಎಂದೆಲ್ಲ ಹೇಳಿದೆ. ಗಿರಾಕಿ ಸಂಕೋಚ ಮಾಡಿಕೊಳ್ಳುತ್ತಿದ್ದಾನೆ ಎಂದು ಅವರು ನಕ್ಕರು. ಚಹಾ ಕುಡಿದು ಬರುವಷ್ಟರಲ್ಲಿ ಒಳಬರುವ ತೂತಿನಿಂದ ಹೊರಹೋಗುವ ತೂತಿಗೆ ನೇರ ಒಂದು ವೈರು ಬೆಸೆದಿದ್ದರು. "ಈಗ ಬಾರಸ್ರಿ. ಹಾಲಿನಂಗ ಸಾಫ್." ಖರೆ, ಹಾಲಿನಂತಿತ್ತು. ನೂರು ರೂಪಾಯಿ ಕೊಟ್ಟೆ. ಮನೆಗೆ ಬಂದು ವೈರು ಕತ್ತರಿಸಿದೆ.

ಈ ಕತೆ ಕೇಳಿ ಗವಾಯಿ ನಗಲಿಲ್ಲ. ತಂಬೂರಿಯನ್ನು ಮಡಿಲಿಗೆ ಎಳೆದುಕೊಂಡು, "ನೀವು ಇಷ್ಟು ದಿನ ಹುಡಕ್ಲಾಕತ್ತಿದ್ದು ಇದs ಏನ್ರಿ ಸರ?" ಎಂದು ತಂತಿ ಮೀಟಿದರು. ಮೊದಲು ಸಪ್ಪೆ ದನಿ. ಆಮೇಲೆ ತಂತಿಗಳನ್ನು ಹೊತ್ತ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ಎಳೆ ನೂಲನ್ನು ಉಗುರಿನಿಂದ ಕೂದಲೆಳೆಯಷ್ಟು ಸರಿಸಿದರು. ಇನ್ನೊಂದಿಷ್ಟು. ಇನ್ನೊಂದಿಷ್ಟು. ಒಂದು ಜಾಗದಲ್ಲಿ ದನಿ ಫಕ್ಕನೆ ಅರಳಿ ಝೇಂಕರಿಸಿತು. ಕುದುರೆಯ ನೆತ್ತಿ ಚಪ್ಪಟೆ, ಸ್ವಲ್ಪ ಇಳಿಜಾರು. ನಡುಗುವ ತಂತಿ ಅದನ್ನು ಸವರಿಕೊಂಡು ಹೋಗುವುದರಿಂದ ಬಗಲಿನ ಸ್ವರಗಳೆಲ್ಲ ಎದ್ದು ನಿಲ್ಲುತ್ತವೆ. "ಇದಕ್ಕ ಜವಾರಿ ಅಂತಾರ. ಇದು ಇಲ್ಲಂದ್ರ ತಂಬೂರಿ ಹಗ್ಗ ಬಡದಂಗ ಕೇಳಸ್ತದ." ಜವಾರಿ ಕೋಳಿ, ಜವಾರಿ ಬದನೆಕಾಯಿ, ಜವಾರಿ ಮಂದಿ ಗೊತ್ತಿದ್ದ ನನಗೆ ಜವಾರಿ ದನಿ ಗೊತ್ತಿರಲಿಲ್ಲ. ಶಬ್ದ ಒಂದೇ ಬೇರಿನದೋ ಅಲ್ಲವೋ ಪಂಡಿತರು ನೋಡಿಕೊಳ್ಳಲಿ, ನನಗಂತೂ ಒಂದೇ ಎಂದು ಕೇಳಿಸಿತು. ಆ ರಾತ್ರಿ ಬೇಸಿನ ತಂತಿಗಳ ಕೆಳಗೂ ನೂಲು ಸಿಕ್ಕಿಸಿ ನೋಡಿದೆ. ಏನೂ ಆಗಲಿಲ್ಲ. ಅದರ ಕುದುರೆಯ ಬೆನ್ನು ಚಾಕುವಿನ ಅಂಚು, ಸವರಲು ಜಾಗವೇ ಇಲ್ಲ. ನೂಲಿಗೆ ಮಾತ್ರ ಎಣ್ಣೆ ಹತ್ತಿತು.

ಗವಾಯಿಯಿಂದ ಉಪಯೋಗವಾದದ್ದು ಒಂದು: ಕೂದಲೆಳೆಯಷ್ಟು ಸರಿಸಿ ಹದ ಹುಡುಕುವುದು. ಚಾಚಾ ಕೂರಿಸಿದ್ದೂ ಜರ್ಮೇನಿಯಮ್ಮೇ, ಸೆಕೆಗೆ ಅದೇ ಹಣೆಬರಹ. ಹಾಗಾಗಿ ಎರಡನೇ ಸಲ ಆರಿಸುವಾಗ ಹೆಂಡ್ರಿಕ್ಸನ ಮುಖ ನೋಡಲಿಲ್ಲ. ಸಿಲಿಕಾನಿಂದೇ ತಂದೆ, ಬೇಸಿಗೆಂದೇ ಮಾಡಿದ್ದು, ಬ್ಲೆಂಡ್ ಇದ್ದದ್ದು. ತುಪ್ಪ ಇಲ್ಲ, ಆದರೆ ಮೇ ತಿಂಗಳ ಮೂರು ಗಂಟೆಯ ಬಿಸಿಲಲ್ಲೂ ಜನವರಿಯಂತೆ ಘರ್ರ್ ಅನ್ನುತ್ತದೆ. ಬ್ಲೆಂಡನ್ನು ಅರ್ಧಕ್ಕಿಂತ ಒಂದು ಗೆರೆ ಕೆಳಗಿಡುತ್ತೇನೆ. ಡ್ರಮ್ಮಿನವನು "ಶುರು ಮಾಡ್ರಿ" ಎನ್ನುವುದು ಬಿಟ್ಟಿದ್ದಾನೆ. ಜರ್ಮೇನಿಯಂ ಡಬ್ಬಿ ಅಟ್ಟದ ಮೇಲಿದೆ, ದೀಪಾವಳಿ ದಾಟಿದ ಮೇಲೆ ಇಳಿಸುತ್ತೇನೆ, ಸ್ವೆಟರ್ ಇಳಿಸುವ ಹೊತ್ತಿಗೆ.

ಹೋದ ವಾರ ಚಾಚಾ ಫೋನ್ ಮಾಡಿದ್ದರು. ಯಾವುದೋ ಮದುವೆಯ ಡಿಜೆಯವನು ಹರಿದ ಸ್ಪೀಕರೊಂದನ್ನು ರಿಪೇರಿಗೆ ಕೊಟ್ಟು, ಖರ್ಚು ಕೇಳಿ, ಅಲ್ಲೇ ಬಿಟ್ಟು ಹೋದನಂತೆ.

"ಸಾಬ್, ಭಾಳ ಕೆಟ್ಟದ್ರಿ ಅದು. ಜರ್ ಜರ್ ಅಂತದ. ನಿಮಗಂತ ತಗದಿಟ್ಟೀನಿ, ಕೈ ಹಚ್ಚಿಲ್ಲ."