ರಾಯರ ಸ್ಕೂಟರೂ ಐಫೆಲ್ಲನ ಗುಂಡೂ

ರಾಯರೇ, ಆ ಸ್ಕೂಟರಿಗೆ ಇನ್ನೆಷ್ಟು ಪಾಲಿಶ್ ಮೆತ್ತುತ್ತೀರಿ? ಬೇಲಿ ಈಚೆ ನಿಂತು ಆಗಿನಿಂದ ನೋಡ್ತಾ ಇದ್ದೀನಿ. ಮೈ ನುಣುಪಾದಷ್ಟೂ ಗಾಳಿ ಜಾರುತ್ತೆ, ಪೆಟ್ರೋಲು ಉಳಿಯುತ್ತೆ ಅಂತ ತಾನೇ ನಿಮ್ಮ ಲೆಕ್ಕ? ಗಾಳಿ ಲೆಕ್ಕ ಕೇಳೋ ಪೈಕಿ ಅಲ್ಲ.

ಪ್ಯಾರಿಸ್ಸಿನ ಗೋಪುರದ ಐಫೆಲ್ ಗೊತ್ತಲ್ಲ, ಆತನಿಗೂ ಇದೇ ಪೇಚು. ಇಳಿವಯಸ್ಸಿನಲ್ಲಿ ಗಾಳಿ ಸುರಂಗ ಕಟ್ಟಿಕೊಂಡು, ಅದರೊಳಗೆ ಗುಂಡು ಇಟ್ಟು, ಗಾಳಿಯ ಎಳೆತ ಅಳೆಯುತ್ತಿದ್ದ. ಆತನ ಅಂಕಿ ಜರ್ಮನಿಯ ಗೋಟಿಂಗನ್ ಪ್ರಯೋಗಾಲಯದವರ ಅಂಕಿಯ ಅರ್ಧವೂ ಇಲ್ಲ! ಎಲ್ಲೋ ಎರಡರಿಂದ ಗುಣಿಸೋದು ಮರೆತಿರಬೇಕು ಅಂತ ಅಲ್ಲಿನವರು ಅಂದುಕೊಂಡರು. 1912ರಲ್ಲಿ ಐಫೆಲ್ ವೇಗ ಬದಲಿಸುತ್ತಾ ಮತ್ತೆ ಅಳೆದ. ನೋಡಿದರೆ, ವೇಗ ಒಂದು ಮಟ್ಟ ದಾಟುತ್ತಿದ್ದಂತೆ ಎಳೆತ ದಿಢೀರನೆ ಕುಸಿಯುತ್ತೆ. ಇಬ್ಬರ ಅಂಕಿಯೂ ಸರಿ, ವೇಗ ಮಾತ್ರ ಬೇರೆ. 1914ರಲ್ಲಿ ಗೋಟಿಂಗನ್ನಿನ ಪ್ರಾಂಟ್ಲ್ ಇನ್ನೊಂದು ಕಿತಾಪತಿ ಮಾಡಿದ. ನುಣ್ಣನೆ ಗುಂಡಿಗೆ ಉಡಿದಾರದ ಹಾಗೆ ಒಂದು ತಂತಿ ಸುತ್ತಿದ. ಅಡ್ಡಿ ಇಟ್ಟರೆ ಎಳೆತ ಹೆಚ್ಚಬೇಕು ತಾನೇ? ಇಳಿಯಿತು!

ಗುಂಡಿನ ಮೈಗೆ ತಾಗಿದ ಗಾಳಿಯ ಪದರ ಸಾಧುವಾಗಿ ಹರಿದರೆ ಬೇಗ ಸುಸ್ತಾಗಿ, ನಡುವಿನಲ್ಲೇ ಕೈ ಬಿಡುತ್ತೆ. ಹಿಂದೆ ಅಗಲವಾದ ಸುಳಿ ಎದ್ದು ಗುಂಡನ್ನು ಹಿಂದಕ್ಕೆ ಜಗ್ಗುತ್ತೆ. ತಂತಿಯೋ ತರಕಲೋ ಆ ಪದರವನ್ನು ಕಲಕಿದರೆ ಹೊರಗಿನ ಗಾಳಿಯ ಕಸುವು ಒಳಗೆ ಬಂದು, ಬೆನ್ನಿನವರೆಗೂ ಅಂಟಿಕೊಂಡೇ ಹೋಗುತ್ತೆ. ಸುಳಿ ಸಣ್ಣದು, ಎಳೆತ ಕಡಿಮೆ. ಗಾಲ್ಫ್ ಚೆಂಡಿನ ಗುಳಿಗಳ ಗುಟ್ಟೂ ಇದೇ.

ಹಾಗಂತ ಸ್ಕೂಟರಿಗೆ ಉಪ್ಪುಕಾಗದ ಉಜ್ಜೀರಿ ಮತ್ತೆ! ಈ ಆಟವೆಲ್ಲ ಗುಂಡಗಿನ ಮೈಗೆ. ಮೀನಿನ ಹಾಗೆ ತೆಳ್ಳಗೆ ಚಾಚಿದ ವಿಮಾನದ ರೆಕ್ಕೆಗೆ ಸತ್ತ ಹುಳ ಮೆತ್ತಿಕೊಂಡರೂ ದಂಡವೇ.

ಕ್ರಿಕೆಟ್ಟಿನಲ್ಲಂತೂ ಇನ್ನೂ ಮಜಾ. ಹೊಸ ಚೆಂಡು ಹೊಲಿಗೆ ವಾಲಿದ ಕಡೆಗೇ ತಿರುಗುತ್ತೆ, ಆ ಬದಿಯ ಗಾಳಿಯನ್ನು ಹೊಲಿಗೆ ಕಲಕುತ್ತಲ್ಲ, ಅದಕ್ಕೆ. ವೇಗ ವಿಪರೀತವಾದರೆ ಹೊಲಿಗೆ ಮುಟ್ಟೋ ಮೊದಲೇ ಎರಡೂ ಬದಿಯ ಗಾಳಿ ಕಲಕಿರುತ್ತೆ. ಆಗ ಅದೇ ಹೊಲಿಗೆ ಗಾಳಿಯನ್ನು ಬೇಗ ಕಿತ್ತು ಹಾಕಿ ಚೆಂಡನ್ನು ಆಚೆಗೆ ತಳ್ಳುತ್ತೆ. ರಿವರ್ಸ್ ಸ್ವಿಂಗ್! ಚೆಂಡು ತರಕಲಾದಷ್ಟೂ ಕಡಿಮೆ ವೇಗಕ್ಕೇ ಅದು ಸಿಗುತ್ತೆ. ಪಾಕಿಸ್ತಾನದ ಬೌಲರ್ ಸರ್ಫರಾಜ್ ನವಾಜ್ ಇಮ್ರಾನ್ ಖಾನಿಗೆ ಹೇಳಿಕೊಟ್ಟ ವಿದ್ಯೆ, ಆಮೇಲೆ ಅಲ್ಲಿನವರೇ ಆದ ವಾಸಿಂ ಅಕ್ರಂ, ವಕಾರ್ ಯೂನಿಸ್ ಅದರಿಂದ ಎಷ್ಟು ಜನರ ಕಾಲ್ಬೆರಳು ಕುಣಿಸಿದರೋ.

ಅಂದ ಹಾಗೆ, ನಿಮ್ಮ ಮೊಮ್ಮಗನ ಚೆಂಡು ನಮ್ಮ ದಾಸವಾಳದ ಬುಡದಲ್ಲಿದೆ. ಒಂದು ಮಗ್ಗುಲು ಫಳಫಳ, ಇನ್ನೊಂದು ಹಲಸಿನ ತೊಗಟೆ. ಅವನ ಬಿಳಿ ಪ್ಯಾಂಟಿನ ಕೆಂಪು ಕಲೆಗೆ ಸೊಸೆ ಬೈತಾ ಇದ್ದರಲ್ಲ, ಈಗ ಗೊತ್ತಾಯ್ತಾ?